ಮೂಟೆ ಅಂದರೆ ಎಷ್ಟು ಕೆಜಿ?

ಸಕಲೇಶಪುರದ ಕಾಫಿ ವ್ಯಾಪಾರಿಯ ಬಾಯಲ್ಲಿ ‘ಸಾವಿರ ಮೂಟೆ ಚೆರಿ’ ಅಂದರೆ 50 ಟನ್. ಅದೇ ಸಾವಿರ ಮೂಟೆ ಅಂತರರಾಷ್ಟ್ರೀಯ ಅಂಕಿಅಂಶದ ಪಟ್ಟಿಯಲ್ಲಿ ಕಂಡರೆ 60 ಟನ್. ಅಲ್ಲಿ ಚೀಲಕ್ಕೆ 60 ಕೆಜಿ ಲೆಕ್ಕ. ‘ಚೆರಿ’ ಇನ್ನೂ ಗೋಜಲು. ಇಂಗ್ಲಿಷ್ ಕೃಷಿ ಬರಹದಲ್ಲಿ ಅದು ಗಿಡದ ಮೇಲೆ ಕೆಂಪಾಗಿರುವ ಹಣ್ಣು, ನಮ್ಮ ಮಾರುಕಟ್ಟೆಯಲ್ಲಿ ಸಿಪ್ಪೆ ಸಮೇತ ಕಣದಲ್ಲಿ ಒಣಗಿಸಿದ ಕಾಫಿ. ಯಾರೂ ಸುಳ್ಳು ಹೇಳುತ್ತಿಲ್ಲ. ಆದರೆ ಎರಡನ್ನೂ ಒಂದೇ ಕಾಲಂಗೆ ಸುರಿದು ಕೂಡಿದರೆ ಬರುವ ಮೊತ್ತ ಸುಳ್ಳು.

ಡೇಟಾ ವೇರ್‌ಹೌಸಿಂಗ್, ಅಂದರೆ ಸಂಸ್ಥೆಯ ಬೇರೆ ಬೇರೆ ಪುಸ್ತಕಗಳ ಮಾಹಿತಿಯನ್ನು ವರದಿಗಾಗಿ ಒಂದೆಡೆ ಕೂಡಿಡುವ ವಿದ್ಯೆ, ಕಲಿಯಲು ಕೂತವರ ಪಾಡೂ ಇದೇ. ವ್ಯವಹಾರದ ದತ್ತಾಂಶಕ್ಕೆ ಪ್ರತ್ಯೇಕ ಉಗ್ರಾಣ ಬೇಕು ಎಂದು ಐಬಿಎಂನ ಬ್ಯಾರಿ ಡೆವ್ಲಿನ್ ಮತ್ತು ಪಾಲ್ ಮರ್ಫಿ 1988ರಲ್ಲಿ ಬರೆದರು. ಆಮೇಲೆ ದಾರಿ ಕವಲಾಯಿತು. ಬಿಲ್ ಇನ್‌ಮನ್ ಹೇಳುವಂತೆ ಮೊದಲು ಇಡೀ ಸಂಸ್ಥೆಗೆ ಒಂದೇ ಕೇಂದ್ರ ಉಗ್ರಾಣ ಕಟ್ಟಬೇಕು. ಅದರಲ್ಲಿ ಒಂದು ಸಂಗತಿ ಒಂದೇ ಕಡೆ ಇರುವಂತೆ, ಅಂದರೆ ನಾರ್ಮಲೈಸ್ ಮಾಡಿ, ಟೇಬಲ್‌ಗಳನ್ನು ಬಿಡಿಸಿಡಬೇಕು. ವಿಭಾಗಕ್ಕೊಂದು ಡೇಟಾ ಮಾರ್ಟ್, ಅಂದರೆ ಆ ವಿಭಾಗಕ್ಕೆ ಬೇಕಾದಷ್ಟೇ ಮಾಹಿತಿಯ ಚಿಕ್ಕ ಸಂಗ್ರಹ, ಅದರಿಂದ ಹೊರಡುತ್ತದೆ. ರಾಲ್ಫ್ ಕಿಂಬಾಲ್ ಹೇಳುವಂತೆ ಒಂದೊಂದು ವ್ಯವಹಾರಕ್ಕೆ ಒಂದೊಂದು ನಕ್ಷತ್ರಾಕಾರದ ವಿನ್ಯಾಸ ಸಾಕು: ನಡುವೆ ಅಳತೆಗಳ ಫ್ಯಾಕ್ಟ್ ಟೇಬಲ್, ಸುತ್ತ ಯಾರು, ಏನು, ಎಲ್ಲಿ, ಯಾವಾಗ ಎಂದು ವಿವರಿಸುವ ಡೈಮೆನ್ಶನ್‌ಗಳು. ಇಂಥ ಒಂದೊಂದು ನಕ್ಷತ್ರವೂ ಒಂದು ಡೇಟಾ ಮಾರ್ಟ್, ಇವೆಲ್ಲ ಸೇರಿದ್ದೇ ವೇರ್‌ಹೌಸ್. ಹಾಗಾಗಿ ‘ಡೇಟಾ ಮಾರ್ಟ್’ ಒಬ್ಬರಿಗೆ ಉಗ್ರಾಣದಿಂದ ಹೊರಬಿದ್ದ ಸರಕು, ಇನ್ನೊಬ್ಬರಿಗೆ ಉಗ್ರಾಣದ ಗೋಡೆಯ ಇಟ್ಟಿಗೆ. ಪರೀಕ್ಷೆಗೆ ಓದುವವರು ಒಂದನ್ನು ‘ಮೇಲಿಂದ ಕೆಳಗೆ’, ಇನ್ನೊಂದನ್ನು ‘ಕೆಳಗಿಂದ ಮೇಲೆ’ ಎಂದು ಉರುಹೊಡೆಯುತ್ತಾರೆ. ಇದೂ ಅರ್ಧ ಸತ್ಯವೇ. ಕಿಂಬಾಲ್ ವಿಧಾನದಲ್ಲೂ ಯಾವ ಡೈಮೆನ್ಶನ್ ಯಾವ ವ್ಯವಹಾರಗಳಿಗೆ ಸಮಾನ ಎಂಬ ಪಟ್ಟಿಯನ್ನು ಮೊದಲೇ ಇಡೀ ಸಂಸ್ಥೆಗೆ ಹಾಕಿಕೊಳ್ಳಬೇಕು.

ಯಾವ ಪಂಥದ ಟೇಬಲ್ ಎದುರಿಗೆ ಬಂದರೂ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಇದರಲ್ಲಿ ಒಂದು ಸಾಲು ಅಂದರೆ ಏನು? ಕಿಂಬಾಲ್ ಇದಕ್ಕೆ ‘ಗ್ರೇನ್’ ಎನ್ನುತ್ತಾರೆ. ಅವರ ನಾಲ್ಕು ಹೆಜ್ಜೆಗಳಲ್ಲಿ ಇದು ಎರಡನೆಯದು: ವ್ಯವಹಾರ ಆರಿಸು, ಗ್ರೇನ್ ಘೋಷಿಸು, ಡೈಮೆನ್ಶನ್ ಗುರುತಿಸು, ಅಳತೆ ಗುರುತಿಸು. ಹೊಸಬರು ಹಾರಿಸಿಬಿಡುವುದು ಈ ಎರಡನೆಯದನ್ನೇ.

ಹಾಸನದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್ (ಒಣ ಕಾಫಿಯ ಸಿಪ್ಪೆ ತೆಗೆದು ಬೇಳೆ ವಿಂಗಡಿಸುವ ಕಾರ್ಖಾನೆ) ಬಾಗಿಲಿಗೆ ಲಾರಿ ಬಂತು ಎಂದುಕೊಳ್ಳಿ. ರಸೀದಿ ಒಂದು, ಲಾರಿ ಬಾಡಿಗೆ 6,000 ರೂಪಾಯಿ. ಒಳಗೆ ಮೂರು ಲಾಟ್: ಅರೇಬಿಕಾ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ತೊಳೆದು ಒಣಗಿಸಿದ ಕಾಫಿ) 40 ಮೂಟೆ, ಅರೇಬಿಕಾ ಚೆರಿ 20, ರೋಬಸ್ಟಾ ಚೆರಿ 60. ಸಾಲು ಅಂದರೆ ರಸೀದಿ ಎಂದುಕೊಂಡರೆ ಕಾಫಿಯ ಬಗೆ ಕಳೆದುಹೋಗುತ್ತದೆ. ಲಾಟ್ ಎಂದುಕೊಂಡು ರಸೀದಿ ಟೇಬಲನ್ನು ಲಾಟ್ ಟೇಬಲಿಗೆ ಜೋಡಿಸಿದರೆ ಬಾಡಿಗೆ ಮೂರು ಸಾಲಿನಲ್ಲೂ ಮರುಕಳಿಸಿ 18,000 ಆಗುತ್ತದೆ. ಕಂಪ್ಯೂಟರ್ ಚಕಾರ ಎತ್ತುವುದಿಲ್ಲ. ಸರಿ ದಾರಿ, ಬಾಡಿಗೆಯನ್ನು ಮೂಟೆ ಪ್ರಕಾರ 2,000, 1,000, 3,000 ಎಂದು ಮೊದಲೇ ಹಂಚಿ ಬರೆಯುವುದು. ಇಲ್ಲವೇ ಬಾಡಿಗೆಗೆ ಬೇರೆಯದೇ ಫ್ಯಾಕ್ಟ್ ಟೇಬಲ್ ಇಡುವುದು.

ಸಾಲು ನಿಕ್ಕಿಯಾದರೂ ಎಲ್ಲ ಅಂಕಿಗಳನ್ನೂ ಕೂಡಲು ಬರುವುದಿಲ್ಲ. ಆವಕದ ಕೆಜಿಯನ್ನು ಹೇಗೆ ಬೇಕಾದರೂ ಕೂಡಿ. ಗೋದಾಮಿನ ದಾಸ್ತಾನನ್ನು ಗೋದಾಮಿನಿಂದ ಗೋದಾಮಿಗೆ ಕೂಡಬಹುದು, ದಿನದಿಂದ ದಿನಕ್ಕೆ ಕೂಡುವಂತಿಲ್ಲ. 30 ದಿನವೂ ಅದೇ 500 ಮೂಟೆ ಬಿದ್ದಿದ್ದರೆ ತಿಂಗಳಿಗೆ 15,000 ಆಗದು. ಔಟ್‌ಟರ್ನ್, ಅಂದರೆ 50 ಕೆಜಿ ಮೂಟೆಗೆ ಸಿಗುವ ಶುದ್ಧ ಬೇಳೆಯ ತೂಕವನ್ನಂತೂ ಕೂಡುವುದೂ ಬೇಡ, ಹಾಗೇ ಸರಾಸರಿ ಮಾಡುವುದೂ ಬೇಡ. 10 ಮೂಟೆಗೆ ತಲಾ 28 ಕೆಜಿ, 100 ಮೂಟೆಗೆ ತಲಾ 25 ಕೆಜಿ ಬಂದರೆ ಸರಾಸರಿ 26.5 ಅಲ್ಲ. ಒಟ್ಟು ಬೇಳೆ 2,780 ಕೆಜಿ, ಮೂಟೆ 110; ಸರಿಯುತ್ತರ 25.27. ಮೂಟೆಗೆ 1.2 ಕೆಜಿಯಷ್ಟು ತಪ್ಪು ಕಾಫಿ ವ್ಯಾಪಾರದಲ್ಲಿ ಜಗಳಕ್ಕೆ ಧಾರಾಳ ಸಾಕು. ಆದ್ದರಿಂದ ಟೇಬಲಿನಲ್ಲಿ ಅನುಪಾತ ಇಡಬೇಡಿ. ಬೇಳೆಯ ಕೆಜಿ ಮತ್ತು ಮೂಟೆ ಎರಡನ್ನೂ ಇಟ್ಟು, ಭಾಗಾಕಾರವನ್ನು ಕೊನೆಗೆ ಮಾಡಿ.

ಇನ್ನು ಕಾಲದ ಜೊತೆ ಬದಲಾಗುವ ವಿವರಗಳು. ‘ಸ್ಲೋಲಿ ಚೇಂಜಿಂಗ್ ಡೈಮೆನ್ಶನ್’ ಎಂಬ ಹೆಸರೇ ಹೆದರಿಸುತ್ತದೆ, ವಿಷಯ ಮಾತ್ರ ಚಿಕ್ಕಮಗಳೂರು ಜಿಲ್ಲೆಯವರಿಗೆ ಅಂಗೈ ನೆಲ್ಲಿ. ಕಳಸ ಮೊದಲು ಮೂಡಿಗೆರೆ ತಾಲ್ಲೂಕಿನಲ್ಲಿತ್ತು, ಈಗ ಅದೇ ಒಂದು ತಾಲ್ಲೂಕು. ಕಳಸದ ತೋಟಗಳ ಸಾಲಿನಲ್ಲಿ ‘ಮೂಡಿಗೆರೆ’ ಅಳಿಸಿ ‘ಕಳಸ’ ಎಂದು ತಿದ್ದಿದರೆ ಅದು ಟೈಪ್ 1. ಆ ಗಳಿಗೆಯಿಂದ ಮೂಡಿಗೆರೆಯ ಹಳೆಯ ವರ್ಷಗಳ ಆವಕವೂ ಕುಗ್ಗಿ ಕಾಣುತ್ತದೆ, ಹಿಂದೆ ಮುದ್ರಿಸಿದ ವರದಿಗೂ ಈಗಿನದಕ್ಕೂ ತಾಳೆಯಾಗುವುದಿಲ್ಲ. ಟೈಪ್ 2ರಲ್ಲಿ ಹಳೆಯ ಸಾಲು ಹಾಗೇ ಉಳಿಯುತ್ತದೆ. ಬದಲಾದ ದಿನವನ್ನು ಅದರ ಕೊನೆಯ ದಿನಾಂಕವಾಗಿ ಬರೆದು, ಅದೇ ದಿನದಿಂದ ಶುರುವಾಗುವಂತೆ ಅದೇ ತೋಟಕ್ಕೆ ಹೊಸ ಕ್ರಮಸಂಖ್ಯೆಯ ಇನ್ನೊಂದು ಸಾಲು ತೆರೆಯುತ್ತಾರೆ. ಹೊಸ ಸಾಲಿನ ಕೊನೆಯ ದಿನಾಂಕ 31-12-9999, ಅಂದರೆ ಸದ್ಯಕ್ಕೆ ಕೊನೆಯಿಲ್ಲ. ಇಲ್ಲೊಂದು ಗುಂಡಿ ಇದೆ. ರಸೀದಿಯ ದಿನ ಆರಂಭದ ದಿನಕ್ಕೆ ಸಮ ಅಥವಾ ದೊಡ್ಡದು, ಕೊನೆಯ ದಿನಕ್ಕಿಂತ ಚಿಕ್ಕದು ಎಂದೇ ಹೋಲಿಸಬೇಕು. ಎರಡು ಕಡೆಯೂ ‘ಸಮ’ ಬರೆದರೆ ಬದಲಾದ ದಿನದ ರಸೀದಿಗಳು ಎರಡೂ ಸಾಲಿಗೆ ಅಂಟಿ ದುಪ್ಪಟ್ಟಾಗುತ್ತವೆ. ಹಾಗಂತ ಎಲ್ಲದಕ್ಕೂ ಟೈಪ್ 2 ಬೇಡ. 2014ರ ನವೆಂಬರ್ 1ರಂದು ಚಿಕ್ಕಮಗಳೂರಿನ ಇಂಗ್ಲಿಷ್ ಕಾಗುಣಿತ ಬದಲಾಯಿತು, ಊರು ಬದಲಾಗಲಿಲ್ಲ. ಅದನ್ನು ಸುಮ್ಮನೆ ತಿದ್ದಿ.

ದಿನಾಂಕಕ್ಕೂ ಒಂದು ಟೇಬಲ್ ಬೇಕು. 2016ರಿಂದ 2025ರವರೆಗೆ 3,653 ಸಾಲು, ಅಷ್ಟೇ. ಪ್ರತಿ ದಿನದ ಎದುರಿಗೆ ಏಪ್ರಿಲ್–ಮಾರ್ಚ್ ಹಣಕಾಸು ವರ್ಷ, ಅಕ್ಟೋಬರ್–ಸೆಪ್ಟೆಂಬರ್ ಕಾಫಿ ವರ್ಷ ಎರಡನ್ನೂ ಬರೆದಿಡಿ. 2024ರ ಡಿಸೆಂಬರಿನಲ್ಲಿ ಕೊಯ್ದು 2025ರ ಜೂನ್‌ನಲ್ಲಿ ಮಾರಿದ ಅರೇಬಿಕಾ ಒಂದೇ ಕಾಫಿ ವರ್ಷದ್ದು, ಹಣಕಾಸು ವರ್ಷ ಮಾತ್ರ ಎರಡು. ‘ಈ ವರ್ಷದ ಮಾರಾಟ’ ಎಂದು ಯಜಮಾನರು ಕೇಳಿದಾಗ ಯಾವ ವರ್ಷ ಎಂದು ತಿರುಗಿ ಕೇಳದವನ ಅಂಕಿಯನ್ನು ನಂಬಬೇಡಿ.

ಡ್ಯಾನ್ ಲಿನ್‌ಸ್ಟೆಡ್ ಅವರ ಡೇಟಾ ವಾಲ್ಟ್ ಮೂರನೆಯ ಪಂಥ. ತೋಟದ ಗುರುತಿನ ಸಂಖ್ಯೆಗೆ ಹಬ್, ತೋಟ–ಲಾಟ್ ಸಂಬಂಧಕ್ಕೆ ಲಿಂಕ್, ಬದಲಾಗುವ ವಿವರಕ್ಕೆ ಸ್ಯಾಟಲೈಟ್. ಹತ್ತಾರು ಮೂಲಗಳಿಂದ ಮಾಹಿತಿ ಬಂದು, ಯಾವುದು ಯಾವಾಗ ಎಲ್ಲಿಂದ ಬಂತೆಂದು ಆಡಿಟರ್ ಕೇಳುವ ಕಡೆ ಇದಕ್ಕೆ ಬೆಲೆ. ಒಂದೇ ಕ್ಯೂರಿಂಗ್ ವರ್ಕ್ಸ್‌ಗೆ ಇದು ಗುಬ್ಬಿಗೆ ಬ್ರಹ್ಮಾಸ್ತ್ರ. ಕಲಿಯುವವರು ಲ್ಯಾಪ್‌ಟಾಪಿನ ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿ ಒಂದು ಸೀಸನ್ನಿನ ರಸೀದಿ ಹಾಕಿ ನಕ್ಷತ್ರ ಕಟ್ಟಲಿ. ಇನ್‌ಮನ್ ಯಾಕೆ ಹಾಗೆ ಹೇಳಿದರು ಎಂಬುದು ಎರಡನೇ ನಕ್ಷತ್ರ ಕಟ್ಟುವಾಗ ತಾನಾಗಿ ತಿಳಿಯುತ್ತದೆ.

ಯಾಕೆಂದರೆ ಆಗ ರಸೀದಿ ಪುಸ್ತಕದಲ್ಲಿ ತೋಟದ ಹೆಸರು, ಹಣ ಪಾವತಿಯ ಪುಸ್ತಕದಲ್ಲಿ ಮಾಲೀಕರ ಹೆಸರು ಇರುವುದು ಕಣ್ಣಿಗೆ ಬೀಳುತ್ತದೆ. ಎರಡೂ ಒಂದೇ ಎಂದು ಹೊಂದಿಸುವ ಪಟ್ಟಿಯನ್ನು ಯಾವ ಪಂಥವೂ ಮಾಡಿಕೊಡುವುದಿಲ್ಲ. ಹಳೇ ಗುಮಾಸ್ತರನ್ನು ಕೂರಿಸಿಕೊಂಡೇ ಮಾಡಬೇಕು. ಹೊಂದಿಕೆಯಾಗದ ರಸೀದಿಗೆ ತೋಟದ ಟೇಬಲಿನಲ್ಲಿ -1 ಸಂಖ್ಯೆಯ ‘ಗೊತ್ತಿಲ್ಲದ ತೋಟ’ ಎಂಬ ಸಾಲು ಇಡಿ, ಇಲ್ಲದಿದ್ದರೆ ಜೋಡಣೆಯಲ್ಲಿ ಅದು ಸದ್ದಿಲ್ಲದೆ ಉದುರಿಹೋಗುತ್ತದೆ. ಪ್ರತಿ ರಾತ್ರಿ ಮಾಹಿತಿ ತುಂಬಿದ ಮೇಲೆ ಫ್ಯಾಕ್ಟ್ ಟೇಬಲಿನ ಒಟ್ಟು ಕೆಜಿಯನ್ನು ರಸೀದಿ ಪುಸ್ತಕದ ಒಟ್ಟು ಕೆಜಿಗೆ ತಾಳೆ ನೋಡಿ, ಜೊತೆಗೆ -1ರ ಎದುರು ಎಷ್ಟು ಮೂಟೆ ಕೂತಿವೆ ಎಂಬುದನ್ನೂ.