ಡಿಸ್ಪರ್ಸ್ಡ್ ಕ್ಯಾಂಪಿಂಗ್ ಅಂದ್ರೆ ಏನು? ಇದರಲ್ಲಿ ಚದುರಬೇಕಾಗಿರೋದು ಏನು?

ಡಿಸ್ಪರ್ಸ್ಡ್ ಕ್ಯಾಂಪಿಂಗ್ ಅನ್ನೋದು ಅಮೆರಿಕದ ಫಾರೆಸ್ಟ್ ಸರ್ವಿಸ್‌ನೋರು ಬಳಸೋ ಪದ. ಅಲ್ಲಿನ ನ್ಯಾಷನಲ್ ಫಾರೆಸ್ಟ್‌ಗಳಲ್ಲಿ ಕ್ಯಾಂಪ್‌ಗ್ರೌಂಡ್ ಅಂತ ಮಾಡಿಟ್ಟಿರ್ತಾರೆ, ನಂಬರ್ ಹಾಕಿದ ಜಾಗ, ಊಟಕ್ಕೊಂದು ಮೇಜು, ಬೆಂಕಿ ಹಾಕೋಕೆ ಕಬ್ಬಿಣದ ಬಳೆ, ಟಾಯ್ಲೆಟ್, ಕೆಲವು ಕಡೆ ನಲ್ಲಿ ನೀರು, ಇದಕ್ಕೆಲ್ಲ ರಾತ್ರಿಗೆ ಇಷ್ಟು ಅಂತ ದುಡ್ಡು. ಇದ್ಯಾವುದೂ ಇಲ್ದಿರೋ ಕಡೆ, ಕಾಡಲ್ಲೋ ಬೆಟ್ಟದ ಮೇಲೋ ಲೇಕ್ ಹತ್ರಾನೋ, ನೀವೇ ಜಾಗ ನೋಡ್ಕೊಂಡು ಟೆಂಟ್ ಹಾಕಿದ್ರೆ ಅದು ಡಿಸ್ಪರ್ಸ್ಡ್ ಕ್ಯಾಂಪಿಂಗ್. ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್ ಅನ್ನೋ ಇನ್ನೊಂದು ಸರ್ಕಾರಿ ಇಲಾಖೆ ನೋಡ್ಕೊಳ್ಳೋ ಜಮೀನಲ್ಲೂ ಇದೇ ಪದ ನಡೆಯುತ್ತೆ. ಸಾಮಾನ್ಯವಾಗಿ ದುಡ್ಡಿಲ್ಲ, ರಿಸರ್ವೇಶನ್ ಇಲ್ಲ, ಬಹಳಷ್ಟು ಕಡೆ 14 ದಿನ ಆದ್ಮೇಲೆ ಜಾಗ ಖಾಲಿ ಮಾಡ್ಬೇಕು ಅಷ್ಟೇ.

ನಮ್ಮೋರಲ್ಲಿ ತುಂಬ ಜನ ಈ ಪದಾನ 'ಫ್ರೀ ಕ್ಯಾಂಪಿಂಗ್' ಅಂತ ಅರ್ಥ ಮಾಡ್ಕೋತಾರೆ, ಬೇಕಾದಲ್ಲಿ ಟೆಂಟ್ ಹಾಕ್ಬೋದು ಅಂತ. ನನಗನ್ಸೋ ಪ್ರಕಾರ ತೊಂದರೆ ಶುರುವಾಗೋದೇ ಇಲ್ಲಿ. ಡಿಸ್ಪರ್ಸ್ ಅಂದ್ರೆ ಚದುರು. ಜನ ಒಂದೇ ಕಡೆ ಗುಂಪಾಗ್ದೆ ಚದುರಿಕೊಂಡ್ರೆ ಅವರ ತುಳಿತ, ಅವರ ಗಲೀಜು, ಅವರ ಗಲಾಟೆ ಕೂಡ ಚದುರುತ್ತೆ, ಯಾವ ಜಾಗಕ್ಕೂ ತಡೆಯೋಕಾಗದಷ್ಟು ಭಾರ ಬೀಳಲ್ಲ. ಹಾಗಾಗಿ ಆ ಪದದಲ್ಲಿ ನಮಗೆಷ್ಟು ಸ್ವಾತಂತ್ರ್ಯ ಇದೆಯೋ ನೆಲದ ಬಗ್ಗೆ ಕಾಳಜಿಯೂ ಅಷ್ಟೇ ಇದೆ. ಕನ್ನಡದಲ್ಲಿ 'ಚದುರು ಬಿಡಾರ' ಅಂತ ಹೇಳ್ಬೋದೇನೋ. ಬಿಡಾರ, ಬೀಡು ಎರಡೂ ನಮಗೆ ಹಳೇ ಪದಗಳೇ, ದಾರಿ ಮಧ್ಯೆ ಇಳ್ಕೊಳ್ಳೋ ಜಾಗ ಅಂತ, ಹಳೇಬೀಡಲ್ಲಿ ಇರೋದೂ ಅದೇ ಬೀಡು.

ಬ್ಯಾಕ್‌ಪ್ಯಾಕಿಂಗ್ ಅನ್ನೋ ಪದಾನೂ ಇಲ್ಲೇ ಬಿಡಿಸಿ ಹೇಳ್ಬಿಡ್ತೀನಿ, ಯಾಕಂದ್ರೆ ಬೆಂಗಳೂರಲ್ಲಿ ಬ್ಯಾಕ್‌ಪ್ಯಾಕಿಂಗ್ ಅಂದ್ರೆ ಒಂದು ಬ್ಯಾಗ್ ಹಾಕ್ಕೊಂಡು ಗೋಕರ್ಣನೋ ಹಂಪಿನೋ ಹೋಗಿ ಹಾಸ್ಟೆಲಲ್ಲಿ ಮಲ್ಗೋದು. ಅಮೆರಿಕದಲ್ಲಿ ಅದರ ಅರ್ಥ ಬೇರೆ, ಟೆಂಟು, ಸ್ಲೀಪಿಂಗ್ ಬ್ಯಾಗು, ಸ್ಟೋವು, ಊಟ ಎಲ್ಲ ಬೆನ್ನ ಮೇಲೆ ಹೊತ್ಕೊಂಡು ನಡ್ಕೊಂಡು ಹೋಗಿ ರಾತ್ರಿ ಬೆಟ್ಟದಲ್ಲೇ ಉಳಿಯೋದು. ಹಿಮಾಲಯದ ಟ್ರೆಕ್ ತರ ಹೇಸರಗತ್ತೆ ಇರಲ್ಲ, ಅಡುಗೆಯೋರು ಮೊದ್ಲೇ ಹೋಗಿ ಚಹಾ ಕಾಯಿಸಿಟ್ಟಿರಲ್ಲ. ಡಿಸ್ಪರ್ಸ್ಡ್ ಕ್ಯಾಂಪಿಂಗ್ ಕಾರ್ ಪಕ್ಕಾನೂ ಮಾಡ್ಬೋದು, ಫಾರೆಸ್ಟ್ ರೋಡ್ ಬದಿಯಲ್ಲಿ ತುಂಬ ಜನ ಮಾಡ್ತಾರೆ, ಆದ್ರೆ ಬೆಟ್ಟದ ಮೇಲಿನ ಲೇಕ್‌ಗಳಿಗೆ ಹೋಗೋಕೆ ಬಹಳ ಸಲ ನಡೀಲೇಬೇಕು.

ಒಂದು ಉದಾಹರಣೆ ತಗೊಳ್ಳಿ. ಕ್ಯಾಲಿಫೋರ್ನಿಯಾದ ಬೇ ಏರಿಯಾ ಕನ್ನಡಿಗರಿಗೆ ನಾಲ್ಕು ಗಂಟೆ ಡ್ರೈವ್‌ನಲ್ಲಿ ಸಿಗೋದು ಲೇಕ್ ಟಾಹೋ ಪಕ್ಕದ ಡೆಸೊಲೇಶನ್ ವಿಲ್ಡರ್ನೆಸ್, ಹಿಮನದಿ ಕೊರೆದ ಗ್ರಾನೈಟ್ ಬಂಡೆಗಳ ಮಧ್ಯೆ ಎಷ್ಟೊಂದು ಸರೋವರಗಳು. ಎಕೋ ಲೇಕ್ಸ್ ಕಡೆಯಿಂದ ಸುಮಾರು ಆರು ಮೈಲಿ ನಡೆದ್ರೆ ಲೇಕ್ ಅಲೋಹಾ, 8,000 ಅಡಿಗಿಂತ ಸ್ವಲ್ಪ ಮೇಲೆ. ಇದು ಪೂರ್ತಿ ಸಹಜ ಸರೋವರ ಅಲ್ಲ, ಕಟ್ಟೆ ಕಟ್ಟಿ ನೀರು ನಿಲ್ಲಿಸಿರೋದು, ಹಾಗಾಗಿ ನಮ್ಮ ಲೆಕ್ಕದಲ್ಲಿ ಇದನ್ನ ಕೆರೆ ಅಂತಾನೇ ಕರೀಬೋದು, ಬೇಸಿಗೆ ಕೊನೇಲಿ ನೀರು ಇಳಿದು ಬಂಡೆ ಕಾಣ್ಸುತ್ತೆ. ಅಲ್ಲಿ ಬಹುತೇಕ ಕಡೆ ಜಾಗ ನೀವೇ ಹುಡುಕ್ಕೋಬೇಕು, ಅಂದ್ರೆ ಚದುರು ಬಿಡಾರಾನೇ, ಆದ್ರೂ ಪರ್ಮಿಟ್ ಬೇಕು, ಬೇಸಿಗೇಲಿ ಯಾವ ಜೋನ್‌ನಲ್ಲಿ ಮೊದಲ ರಾತ್ರಿ ಎಷ್ಟು ಜನ ಅಂತ ಕೋಟಾ ಇದೆ, ಸೌದೆ ಬೆಂಕಿ ಪೂರ್ತಿ ಬ್ಯಾನ್, ಗ್ಯಾಸ್ ಸ್ಟೋವ್ ಹಚ್ಚೋಕೂ ಕ್ಯಾಲಿಫೋರ್ನಿಯಾ ಕ್ಯಾಂಪ್‌ಫೈರ್ ಪರ್ಮಿಟ್ ಅಂತ ಒಂದು ಉಚಿತ ಪರ್ಮಿಟ್ ಇಟ್ಕೊಂಡಿರ್ಬೇಕು. ಹಾಗಾಗಿ ಡಿಸ್ಪರ್ಸ್ಡ್ ಅಂದ ತಕ್ಷಣ ಪರ್ಮಿಟ್ ಬೇಡ ಅಂದ್ಕೋಬೇಡಿ. ಕಾಡನ್ನ ಇದ್ದ ಹಾಗೇ ಉಳಿಸೋಕೆ ಮಾಡಿದ 1964ರ ವಿಲ್ಡರ್ನೆಸ್ ಕಾಯ್ದೆ ಅಡಿ ಬರೋ ಜಾಗಗಳಲ್ಲಂತೂ ಒಂದೊಂದು ಕಡೆ ಒಂದೊಂದು ನಿಯಮ, ಹೋಗೋ ಮುಂಚೆ ಆ ಫಾರೆಸ್ಟ್‌ನ ಆಫೀಸಿಗೆ ಫೋನ್ ಮಾಡಿ ಕೇಳೋದು ಒಳ್ಳೇದು.

ಈಗ ನೀರಿನ ವಿಷಯಕ್ಕೆ ಬರ್ತೀನಿ, ನನಗೆ ಎಲ್ಲಕ್ಕಿಂತ ಮುಖ್ಯ ಅನ್ಸೋದು ಇದೇ. ಲೇಕ್ ಕಂಡ ಕೂಡ್ಲೇ ಎಲ್ಲರ ಕಾಲೂ ದಡಕ್ಕೇ ಹೋಗುತ್ತೆ, ಟೆಂಟ್ ಬಾಗಿಲು ತೆಗೆದ್ರೆ ಎದುರಿಗೇ ನೀರು ಕಾಣ್ಬೇಕು ಅಂತ ಆಸೆ. ನಾನೂ ಮೊದಲನೇ ಸಲ ಅಲ್ಲೇ ಹಾಕಿದ್ದು. ಆದ್ರೆ ಡೆಸೊಲೇಶನ್‌ನಲ್ಲಿ ನೀರಿಂದ 100 ಅಡಿ ದೂರ ಇರ್ಬೇಕು, ಯೂಟಾದ ಹೈ ಯುಯಿಂಟಾಸ್ ಕಡೆ 200 ಅಡಿ. ಕಾಡಲ್ಲಿ ನಮ್ಮ ಗುರುತು ಉಳೀಬಾರ್ದು ಅಂತ ಹೇಳಿಕೊಡೋ ಲೀವ್ ನೋ ಟ್ರೇಸ್ ಸಂಸ್ಥೆಯೋರು ಹೇಳೋದೂ 200 ಅಡಿನೇ, ಅಂದ್ರೆ ಸುಮಾರು 60 ಮೀಟರ್, ದೊಡ್ಡೋರ ಹೆಜ್ಜೇಲಿ ಎಪ್ಪತ್ತು-ಎಂಬತ್ತು ಹೆಜ್ಜೆ. ಅಷ್ಟು ಎತ್ತರದಲ್ಲಿ ವರ್ಷದ ಮುಕ್ಕಾಲು ಭಾಗ ಹಿಮ ಇರುತ್ತೆ, ದಡದ ಹುಲ್ಲಿಗೆ ಚಿಗುರೋಕೆ ಸಿಗೋದು ಎರಡು ಮೂರು ತಿಂಗಳು, ಅಷ್ಟರಲ್ಲೇ ದಿನಾ ಯಾರಾದ್ರೂ ಅದರ ಮೇಲೆ ಟೆಂಟ್ ಹಾಕ್ತಿದ್ರೆ ಅದು ಮೇಲೇಳೋದು ಯಾವಾಗ? ಬೋಳಾದ ನೆಲದಿಂದ ಮಣ್ಣು ಕೊಚ್ಚಿ ನೀರಿಗೆ ಬರುತ್ತೆ. ಜಿಂಕೆ ಸಂಜೆ ನೀರು ಕುಡಿಯೋಕೆ ಬಂದ್ರೆ ದಡದ ತುಂಬ ಮನುಷ್ಯರಿದ್ರೆ ಹಿಂದಕ್ಕೆ ಹೋಗುತ್ತೆ. ಈ ಗ್ರಾನೈಟ್ ಲೇಕ್‌ಗಳ ನೀರು ಅಷ್ಟು ತಿಳಿಯಾಗಿರೋದಕ್ಕೆ ಕಾರಣ ಅದರಲ್ಲಿ ಪೋಷಕಾಂಶ ತುಂಬ ಕಡಿಮೆ ಇರೋದು, ಪಾತ್ರೆ ತೊಳೆದ ನೀರು, ಸೋಪು ಸೇರಿದ್ರೆ ಆ ಲೆಕ್ಕ ಕೆಡುತ್ತೆ. ಬಯೋಡಿಗ್ರೇಡಬಲ್ ಸೋಪ್ ತಾನೇ ಅಂತ ಲೇಕಲ್ಲೇ ತೊಳೆಯೋರು ಇದಾರೆ, ಆ ಸೋಪ್ ಕರಗಿ ಕೊಳೆಯೋಕೆ ಮಣ್ಣು ಬೇಕು ಮಾರಾಯ್ರೇ, ನೀರಲ್ಲಿ ಅಲ್ಲ, ಪಾತ್ರೇಲಿ ನೀರು ತಗೊಂಡು ಆ ಎಪ್ಪತ್ತು ಹೆಜ್ಜೆ ನಡೆದು ಹೋಗಿ ಅಲ್ಲಿ ತೊಳೀರಿ.

ನಿಮಗೂ ಇದರಿಂದ ಲಾಭಾನೇ. ತಂಪು ಗಾಳಿ ರಾತ್ರಿ ತಗ್ಗಿಗೆ ಇಳಿಯುತ್ತೆ, ಲೇಕ್ ಇರೋದೇ ತಗ್ಗಲ್ಲಿ, ದಡದಲ್ಲಿ ಮಲಗಿದ ಆ ರಾತ್ರಿ ನನ್ನ ಟೆಂಟ್ ಒಳಗಡೆ ಎಲ್ಲ ಒದ್ದೆ, ಬೆಳಗ್ಗೆ ಸ್ಲೀಪಿಂಗ್ ಬ್ಯಾಗ್ ಹಿಂಡೋ ಹಾಗಿತ್ತು. ಈಗ ಸ್ವಲ್ಪ ಮೇಲೆ, ಮರದ ಮರೇಲಿ ಹಾಕ್ತೀನಿ, ಬೆಚ್ಚಗೂ ಇರುತ್ತೆ, ಜುಲೈ ತಿಂಗಳ ಸೊಳ್ಳೆ ಕಾಟಾನೂ ಸ್ವಲ್ಪ ಕಡಿಮೆ.

ಆದ್ರೆ ಚದುರಬೇಕು ಅನ್ನೋದನ್ನ ಎಲ್ಲಾ ಕಡೆ ಒಂದೇ ತರ ಮಾಡೋಕಾಗಲ್ಲ. ಜನ ಜಾಸ್ತಿ ಬರೋ ಲೇಕ್‌ನಲ್ಲಿ ಈಗಾಗ್ಲೇ ಟೆಂಟ್ ಹಾಕಿ ಹಾಕಿ ಬೋಳಾಗಿರೋ ಜಾಗ ಇರುತ್ತೆ, ಅಲ್ಲೇ ಹಾಕ್ಬೇಕು, ಹೊಸ ಹುಲ್ಲು ತುಳೀಬಾರ್ದು. ಜನಾನೇ ಹೋಗದ ಕಡೆ ಮಾತ್ರ ನಿಜವಾಗ್ಲೂ ಚದುರಬೇಕು, ಅದೂ ಬಂಡೆ, ಮರಳು, ಒಣ ಹುಲ್ಲಿನ ಮೇಲೆ, ಒಂದು ರಾತ್ರಿ ಆದ್ಮೇಲೆ ಜಾಗ ಬದಲಾಯಿಸಿ. ಅಲ್ಲಲ್ಲಿ ಸ್ವಲ್ಪ ಬೋಳಾಗೋಕೆ ಶುರುವಾಗಿರೋ ಜಾಗ ಕಂಡ್ರೆ ಅದನ್ನ ಬಿಟ್ಬಿಡಿ, ಬಿಟ್ರೆ ಅದು ಚೇತರಿಸ್ಕೊಳ್ಳುತ್ತೆ.

ಉಳಿದಿದ್ದು ಬೇಗ ಹೇಳ್ತೀನಿ. ಕರಡಿ ಇರೋದ್ರಿಂದ ಊಟ ಎಲ್ಲ ಕರಡಿಗೆ ತೆಗೆಯೋಕಾಗದ ಗಟ್ಟಿ ಡಬ್ಬದಲ್ಲಿ, ಡೆಸೊಲೇಶನ್‌ನಲ್ಲಿ ಅದು ಈಗ ಕಡ್ಡಾಯ, ಗೊಜ್ಜವಲಕ್ಕಿ ಪುಡಿ, ಚಟ್ನಿಪುಡಿ ಅಷ್ಟೇ ಅಲ್ಲ, ಟೂತ್‌ಪೇಸ್ಟೂ ಅದರೊಳಗೇ, ವಾಸನೆ ಬರೋದು ಯಾವುದೂ ಟೆಂಟಲ್ಲಿ ಇರಬಾರ್ದು. ನೀರು ಎಷ್ಟೇ ತಿಳಿಯಾಗಿ ಕಂಡ್ರೂ ಹೊಟ್ಟೆ ಕೆಡಿಸೋ ಜಿಯಾರ್ಡಿಯಾ ಅನ್ನೋ ಸೂಕ್ಷ್ಮಜೀವಿ ಇರ್ಬೋದು, ಫಿಲ್ಟರ್ ಮಾಡಿ, ಇಲ್ಲಾಂದ್ರೆ ಕುದಿಸಿ, 6,500 ಅಡಿಗಿಂತ ಮೇಲೆ ಮೂರು ನಿಮಿಷ ಕುದೀಬೇಕು. ಟಾಯ್ಲೆಟ್‌ಗೆ ನೀರಿಂದ 200 ಅಡಿ ದೂರ, ಆರರಿಂದ ಎಂಟು ಇಂಚು ಗುಂಡಿ, ಪೇಪರ್ ವಾಪಸ್ ಚೀಲದಲ್ಲಿ. ಕ್ಯಾಲಿಫೋರ್ನಿಯಾದ ಮೌಂಟ್ ವಿಟ್ನಿ ಬೆಟ್ಟದ ಕಡೆ ಮಲಾನೂ ಹೂಳಂಗಿಲ್ಲ, ಎಲ್ಲಾನೂ ಚೀಲದಲ್ಲಿ ಕೆಳಗೆ ತರ್ಬೇಕು.

ನಮ್ಮ ದೇಶದಲ್ಲಿ ಈ ಪದ ಹೇಗೆ ಹೊಂದುತ್ತೆ ಅಂತ ಕೇಳ್ತಾರೆ. ಕರ್ನಾಟಕದ ಕಾಡಲ್ಲಿ ಹೊಂದಲ್ಲ, ಮೀಸಲು ಅರಣ್ಯದೊಳಗೆ ಅನುಮತಿ ಇಲ್ದೆ ಕಾಲಿಡೋದೇ 1963ರ ಕರ್ನಾಟಕ ಅರಣ್ಯ ಕಾಯ್ದೆ ಪ್ರಕಾರ ತಪ್ಪು, ಟೆಂಟ್ ಮಾತು ಆಮೇಲೆ. ಕಾಶ್ಮೀರ ಗ್ರೇಟ್ ಲೇಕ್ಸ್ ಟ್ರೆಕ್‌ಗೆ ಬೆಂಗಳೂರಿಂದ ಬಹಳ ಜನ ಹೋಗ್ತಾರೆ, ವಿಶನ್‌ಸರ್, ಗಡ್‌ಸರ್, ಗಂಗಾಬಲ್ ಹತ್ರ ಉಳೀತಾರೆ, ಅಲ್ಲಿ ನಡೆಯೋದು ಇದಕ್ಕೆ ಉಲ್ಟಾ, ಎಲ್ಲಾ ಗುಂಪುಗಳ ಟೆಂಟೂ ಅದೇ ಕೆಲವು ಬಯಲುಗಳಲ್ಲಿ ಸಾಲಾಗಿ. ಹೀಗೆ ಒಂದೇ ಕಡೆ ಭಾರ ಬಿದ್ರೆ ಏನಾಗುತ್ತೆ ಅನ್ನೋದು ಉತ್ತರಾಖಂಡದಲ್ಲಿ ಗೊತ್ತಾಯ್ತು, 2018ರಲ್ಲಿ ಅಲ್ಲಿನ ಹೈಕೋರ್ಟ್ ಬುಗ್ಯಾಲ್ ಅಂತ ಕರೆಯೋ ಎತ್ತರದ ಹುಲ್ಲುಗಾವಲುಗಳಲ್ಲಿ ರಾತ್ರಿ ಉಳಿಯೋದನ್ನೇ ನಿಲ್ಲಿಸ್ತು, ಅಲ್ಲಿ ಕಟ್ಟಿದ್ದ ಕಾಯಂ ಕಟ್ಟಡಗಳನ್ನ ತೆಗೆಸೋಕೆ ಹೇಳ್ತು, ಬೇದಿನಿ ಬುಗ್ಯಾಲ್ ಮೇಲೆ ಹಾದು ಹೋಗೋ ರೂಪಕುಂಡ ಸರೋವರದ ಟ್ರೆಕ್ ಅದರಿಂದಾನೇ ನಿಂತೋಯ್ತು.