ಈಜು ಬರಲ್ಲ, ಸರ್ಫಿಂಗ್ ಕ್ಲಾಸಿಗೆ ಸೇರಬಹುದಾ?

ಪ್ರಶ್ನೆ: ಡಿಸೆಂಬರ್ ರಜೆಗೆ ಮನೆಯವರೆಲ್ಲ ಮುಲ್ಕಿ ಕಡೆ ಹೋಗೋಣ ಅಂದುಕೊಂಡಿದ್ದೇವೆ. ಅಲ್ಲಿ ಸರ್ಫಿಂಗ್ ಕಲಿಸುತ್ತಾರಂತೆ. ನನಗೆ ತುಂಬಾ ಆಸೆ, ಆದರೆ ಈಜು ಬರಲ್ಲ. ಲೈಫ್ ಜಾಕೆಟ್ ಹಾಕಿಕೊಂಡರೆ ಸಾಕಾ? ಎರಡು ದಿನದಲ್ಲಿ ಬೋರ್ಡ್ ಮೇಲೆ ನಿಲ್ಲೋಕೆ ಬರುತ್ತಾ?

ಉತ್ತರ: ಸೇರಬಹುದು. ಸೊಂಟದಷ್ಟು ನೀರಿನಲ್ಲಿ, ಕಲಿಸುವವರು ಪಕ್ಕದಲ್ಲೇ ಇದ್ದರೆ, ಈಜು ಬರದವರೂ ಎದ್ದು ನಿಲ್ಲುತ್ತಾರೆ. ಕಣ್ಣಾರೆ ನೋಡಿದ್ದೇನೆ. ಆದರೆ ಊರಿಂದ ಹೊರಡುವ ಮುಂಚೆ ಒಂದು ಕೆಲಸ ಮಾಡಲೇಬೇಕು. ನೀರಿನ ಮೇಲೆ ಅಂಗಾತ ತೇಲೋದನ್ನು ಕಲಿತುಕೊಂಡು ಹೋಗಿ. ಕೈಕಾಲು ಬಡಿದು ಈಜೋದು ಆಮೇಲೆ ಬರಲಿ. ಕಾಲಿಗೆ ನೆಲ ಸಿಗದ ನಾಲ್ಕೈದು ಸೆಕೆಂಡು ಗಾಬರಿಯಾಗದೆ ಇರೋಕೆ ಬಂದರೆ, ಮೊದಲ ಕ್ಲಾಸಿಗೆ ಬೇಕಾದ ಮುಖ್ಯ ವಿದ್ಯೆ ನಿಮಗೆ ಬಂತು ಅಂತಲೇ ಲೆಕ್ಕ.

ಮೊದಲ ಕ್ಲಾಸಿನಲ್ಲಿ ಏನು ನಡೆಯುತ್ತೆ ಅನ್ನೋದು ಗೊತ್ತಾದರೆ ಅರ್ಧ ಭಯ ಹೋಗುತ್ತೆ. ಟೀವಿಯಲ್ಲಿ ತೋರಿಸುವ ಹಾಗೆ ಮನೆಯೆತ್ತರದ ಅಲೆಯ ಹೊಟ್ಟೆಯೊಳಗೆ ಯಾರೂ ನಿಮ್ಮನ್ನು ಕಳಿಸಲ್ಲ. ದೂರದಿಂದ ಬರುವ ಅಲೆ, ಆಳ ಕಡಿಮೆ ಇರುವ ಕಡೆ ಬಂದಾಗ ಅದರ ಬುಡ ನೆಲಕ್ಕೆ ತಾಗಿ ನಿಧಾನವಾಗುತ್ತೆ. ತಲೆ ಮಾತ್ರ ಮುಂದೆ ಓಡುತ್ತೆ. ಹಾಗಾಗಿ ಮಗುಚಿ ಬೀಳುತ್ತೆ. ಒಂದು ಮೀಟರ್ ಎತ್ತರದ ಅಲೆ ಹೆಚ್ಚು ಕಡಿಮೆ 1.3 ಮೀಟರ್ ಆಳದ ನೀರಿನಲ್ಲಿ ಒಡೆಯುತ್ತೆ. ಒಡೆದ ಮೇಲೆ ಬಿಳಿ ನೊರೆಯಾಗಿ ದಡದ ಕಡೆ ನುಗ್ಗುತ್ತಲ್ಲ, ಹೊಸಬರು ಕಲಿಯುವುದು ಆ ನೊರೆಯಲ್ಲಿ. ನೀವು ಬೋರ್ಡ್ ಮೇಲೆ ಬೋರಲು ಮಲಗುತ್ತೀರಿ. ನೊರೆ ಹತ್ತಿರ ಬಂದಾಗ ಕಲಿಸುವವರು ಹಿಂದಿನಿಂದ ತಳ್ಳುತ್ತಾರೆ. ಬೋರ್ಡ್ ತಾನಾಗಿಯೇ ದಡದ ಕಡೆ ಓಡುತ್ತೆ. ಎದ್ದು ನಿಲ್ಲಬೇಕಾದದ್ದು ಆಗ.

ಬೋರ್ಡ್ ಎಂಟು ಒಂಬತ್ತು ಅಡಿ ಉದ್ದ ಇರುತ್ತೆ, ಮೇಲೆ ಮೆತ್ತಗಿನ ಫೋಮ್. ಉದ್ದ ಮತ್ತು ಅಗಲ ಜಾಸ್ತಿ ಇದ್ದಷ್ಟೂ ಅಲುಗಾಟ ಕಡಿಮೆ. ಗಟ್ಟಿ ಫೈಬರ್ ಬೋರ್ಡ್ ಕೊಟ್ಟರೆ ಬೇಡ ಅನ್ನಿ. ಹೊಸಬರಿಗೆ ಪೆಟ್ಟಾಗೋದು ಹೆಚ್ಚಾಗಿ ತಮ್ಮದೇ ಬೋರ್ಡ್ ಬಡಿದು.

ಕಳೆದ ಸಲ ಹೋದಾಗ ನಮ್ಮ ಬ್ಯಾಚಿನಲ್ಲಿ ದಾವಣಗೆರೆಯಿಂದ ಬಂದ ಅಕ್ಕ ಒಬ್ಬರಿದ್ದರು. ನಲವತ್ತು ದಾಟಿದವರು. ಮೊಣಕಾಲಿನಷ್ಟು ನೀರಿಗೆ ಬಂದಾಗಲೇ ಬೋರ್ಡನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದರು, ಬೆರಳುಗಳು ಬಿಳಿಚಿಕೊಂಡಿದ್ದವು. ಕಲಿಸುತ್ತಿದ್ದ ಹುಡುಗ ಅಲ್ಲಿಯವನೇ. "ಹೆದರಬೇಡಿ ಅಕ್ಕ, ಕೆಳಗೆ ಬರೀ ಹೊಯ್ಗೆ. ಒಮ್ಮೆ ಕಾಲೂರಿ ನೋಡಿ" ಅಂದ. ಅವರು ಕಾಲೂರಿದರು. ಅಲೆ ಬಂದು ಹೋದಾಗ ಪಾದದ ಕೆಳಗಿನ ಮರಳು ಜಾರಿತು, ಮತ್ತೆ ಊರಿಕೊಂಡರು. ಹತ್ತು ನಿಮಿಷ ಇದನ್ನೇ ಮಾಡಿಸಿದ. ಬೋರ್ಡಿನ ಮಾತೇ ಇಲ್ಲ. ಮೊದಲ ನಾಲ್ಕು ಸಲ ಎದ್ದ ತಕ್ಷಣ ಬಿದ್ದರು. ಪ್ರತಿ ಸಲವೂ ಕಾಲಿನ ಕಡೆ ನೋಡುತ್ತಿದ್ದರು. ಐದನೇ ಸಲ ಆ ಹುಡುಗ ಹಿಂದಿನಿಂದ ಕೂಗಿದ: "ಕೆಳಗೆ ನೋಡಬೇಡಿ, ಆ ತೆಂಗಿನಮರ ನೋಡಿ, ತೆಂಗಿನಮರ!" ನಿಂತರು. ಮೊಣಕಾಲು ಬಾಗಿಸಿ, ಎರಡೂ ಕೈ ಅಗಲಿಸಿ, ಮರಳಿಗೆ ಬೋರ್ಡ್ ತಾಗುವವರೆಗೆ ನಿಂತೇ ಬಂದರು. ಇಳಿದು ಸ್ವಲ್ಪ ಹೊತ್ತು ಯಾರ ಹತ್ತಿರವೂ ಮಾತಾಡಲಿಲ್ಲ.

ಸರಿ, ಸೊಂಟದಷ್ಟೇ ನೀರು ಅಂದ ಮೇಲೆ ತೇಲೋದು ಯಾಕೆ ಕಲಿಯಬೇಕು?

ಯಾಕಂದ್ರೆ ಸಮುದ್ರದಲ್ಲಿ ಸೊಂಟದಷ್ಟು ನೀರು ಸೊಂಟದಷ್ಟೇ ಇರಲ್ಲ. ಅಲೆ ಬಂದರೆ ಎದೆಗೆ ಏರುತ್ತೆ, ಹೋದರೆ ತೊಡೆಗೆ ಇಳಿಯುತ್ತೆ. ಕೆಳಗಿನ ಮರಳು ಸಮತಟ್ಟಾಗಿರಲ್ಲ, ನಡುನಡುವೆ ಗುಂಡಿ ಇರುತ್ತೆ. ನೀವು ಬೋರ್ಡಿನಿಂದ ಬಿದ್ದಾಗ ನೊರೆ ಒಂದು ಸುತ್ತು ತಿರುಗಿಸಿಬಿಡುತ್ತೆ. ಮೇಲೆ ಯಾವುದು, ಕೆಳಗೆ ಯಾವುದು ಅಂತ ತಿಳಿಯಲ್ಲ. ನನ್ನ ಮೊದಲ ದೊಡ್ಡ ಬೀಳು ಚೆನ್ನಾಗಿ ನೆನಪಿದೆ. ಕಣ್ಣಿಗೆ ಹಸಿರು ಮಿಶ್ರಿತ ಕಂದು ಬಣ್ಣ, ಕಿವಿಯಲ್ಲಿ ಗುಡುಗಿನಂಥ ಸದ್ದು, ಹಲ್ಲಿನ ಸಂದಿಯಲ್ಲಿ ಮರಳು. ಬಹಳ ಹೊತ್ತು ಒಳಗಿದ್ದೆ ಅನ್ನಿಸಿತ್ತು. ದಡದಲ್ಲಿದ್ದ ಗೆಳೆಯ ತೆಗೆದ ವಿಡಿಯೋ ನೋಡಿದರೆ ಮೂರು ಸೆಕೆಂಡು! ಮೈ ಸಡಿಲ ಬಿಟ್ಟಿದ್ದರಿಂದ ತಾನಾಗಿಯೇ ಮೇಲೆ ಬಂದೆ. ಎದ್ದು ನಿಂತರೆ ನೀರು ಹೊಟ್ಟೆಯವರೆಗೂ ಇರಲಿಲ್ಲ. ಆ ಮೂರು ಸೆಕೆಂಡಿನಲ್ಲಿ ಗಾಬರಿಯಾಗಿ ಬಾಯಿ ತೆರೆದರೆ ಅಷ್ಟೇ ನೀರಿನಲ್ಲೂ ಅಪಾಯ. ತೇಲೋದು ಗೊತ್ತಿರಬೇಕು ಅನ್ನೋದು ಇದಕ್ಕೆ.

ಎರಡನೇ ಕಾರಣ ಸೆಳೆತ. ಅಲೆಗಳು ದಡಕ್ಕೆ ತಂದು ಸುರಿದ ನೀರು ವಾಪಸ್ ಹೋಗಬೇಕಲ್ವಾ? ಅದು ಕೆಲವು ಕಡೆ ಒಟ್ಟುಗೂಡಿ ಇಕ್ಕಟ್ಟಾದ ದಾರಿ ಮಾಡಿಕೊಂಡು ಒಳಸಮುದ್ರದ ಕಡೆ ಜೋರಾಗಿ ಹರಿಯುತ್ತೆ. ಇಂಗ್ಲಿಷಿನಲ್ಲಿ ರಿಪ್ ಕರೆಂಟ್ ಅನ್ನೋದು ಇದನ್ನೇ. ದಡದಲ್ಲಿ ನಿಂತು ನೋಡಿದರೆ ಎರಡು ಬದಿಯಲ್ಲಿ ಅಲೆ ಒಡೆಯುತ್ತಿರುತ್ತೆ, ನಡುವೆ ಒಂದು ಪಟ್ಟಿ ಮಾತ್ರ ನೊರೆಯಿಲ್ಲದೆ, ಸ್ವಲ್ಪ ಕಪ್ಪಗೆ, ಶಾಂತವಾಗಿ ಕಾಣುತ್ತೆ. ಗೊತ್ತಿಲ್ಲದವರು ಮಕ್ಕಳನ್ನು ಕರೆದುಕೊಂಡು ಇಳಿಯೋದು ಆ ಶಾಂತ ಜಾಗಕ್ಕೇ! ದಯವಿಟ್ಟು ಇದನ್ನು ಮನೆಯವರಿಗೆಲ್ಲ ಹೇಳಿ. ಸೆಳೆತದಲ್ಲಿ ಸಿಕ್ಕರೆ ದಡಕ್ಕೆ ನೇರವಾಗಿ ಈಜಲು ಹೋಗಬಾರದು, ಸುಸ್ತಾಗಿಬಿಡುತ್ತೀರಿ. ಬೋರ್ಡ್ ಬಿಡಬೇಡಿ. ಅದರ ಮೇಲೆ ಮಲಗಿ, ಒಂದು ಕೈ ಮೇಲೆತ್ತಿ ಕೂಗಿ. ಸೆಳೆತ ನಿಮ್ಮನ್ನು ಹೊರಗೆ ಒಯ್ಯುತ್ತೆ ಹೊರತು ಕೆಳಗೆ ಎಳೆಯಲ್ಲ. ಅಲೆ ಒಡೆಯುವ ಸಾಲು ದಾಟಿದ ಮೇಲೆ ಅದರ ಜೋರು ಕಡಿಮೆಯಾಗುತ್ತೆ. ಕೈಬೀಸಿ ಹೋಗಲು ಸಾಧ್ಯವಾದರೆ ದಡಕ್ಕೆ ಸಮನಾಗಿ, ಪಕ್ಕಕ್ಕೆ ಹೋಗಿ.

ಮುಲ್ಕಿ ಕಡೆ ಹೋಗುವವರು ಅಳಿವೆ ಬಾಗಿಲಿನ ಬಗ್ಗೆಯೂ ಎಚ್ಚರವಾಗಿರಬೇಕು. ಸಸಿಹಿತ್ಲು ಹತ್ತಿರ ಶಾಂಭವಿ ಮತ್ತು ನಂದಿನಿ ನದಿಗಳು ಕಡಲು ಸೇರುತ್ತವೆ. ಜಾಗ ನೋಡೋಕೆ ಬಹಳ ಚಂದ. ಆದರೆ ಇಳಿತದ ಹೊತ್ತಿನಲ್ಲಿ ನದಿಯ ನೀರೂ ಕಡಲಿನ ನೀರೂ ಒಟ್ಟಿಗೆ ಹೊರಗೆ ಎಳೆಯುತ್ತವೆ. ಅಮಾವಾಸ್ಯೆ, ಹುಣ್ಣಿಮೆ ಸುತ್ತಮುತ್ತ ಈ ಎಳೆತ ಇನ್ನೂ ಜಾಸ್ತಿ. ಅಲ್ಲಿನ ಮೀನುಗಾರರು ಬೇಡ ಅಂದ ಕಡೆ ಇಳಿಯಲೇಬೇಡಿ.

ಇನ್ನು ಲೈಫ್ ಜಾಕೆಟ್. ಈಜು ಬರದವರಿಗೆ ಕೊಡುವ ಕಡೆಗಳಿವೆ, ಕೊಟ್ಟರೆ ಹಾಕಿಕೊಳ್ಳಿ. ಆದರೆ ಅದನ್ನೇ ನಂಬಿಕೊಂಡು ಹೋಗಬೇಡಿ. ದೋಣಿಯಲ್ಲಿ ಕೊಡುವಂಥ ದಪ್ಪ ಜಾಕೆಟ್ ಹಾಕಿಕೊಂಡು ಬೋರ್ಡ್ ಮೇಲೆ ಬೋರಲು ಮಲಗೋದು ಕಷ್ಟ, ಎದೆಯ ಹತ್ತಿರ ಉಬ್ಬಿಕೊಂಡು ಕೈ ಆಡಿಸಲು ಬಿಡಲ್ಲ. ಎದುರಿಗೆ ದೊಡ್ಡ ಅಲೆ ಬಂದಾಗ ತಲೆ ತಗ್ಗಿಸಿ ಅದರ ಕೆಳಗೆ ನುಸುಳಲೂ ಬಿಡಲ್ಲ. ಬೋರ್ಡನ್ನು ಕಾಲಿಗೆ ಕಟ್ಟುವ ಹಗ್ಗವನ್ನೂ ಹಾಗೇ ನಂಬಬೇಡಿ, ಅದಕ್ಕೆ ಲೀಶ್ ಅನ್ನುತ್ತಾರೆ. ಹಿಂದೆ ಇಡುವ ಕಾಲಿಗೆ ಕಟ್ಟುತ್ತಾರೆ. ಬಿದ್ದಾಗ ಬೋರ್ಡ್ ದೂರ ಹೋಗಬಾರದು, ಇನ್ನೊಬ್ಬರಿಗೆ ಬಡಿಯಬಾರದು ಅಂತ ಅದು ಇರೋದು. ಲೀಶ್ ಕಿತ್ತುಹೋಗೋದೂ ಉಂಟು.

ಹಾಗಾದರೆ ಡಿಸೆಂಬರ್ ಒಳಗೆ ಏನು ಮಾಡಬೇಕು? ನಿಮ್ಮೂರಿನ ಈಜುಕೊಳಕ್ಕೆ ಹೋಗಿ ಕೋಚ್ ಹತ್ತಿರ ನೇರವಾಗಿ ಹೇಳಿ: "ಸಮುದ್ರಕ್ಕೆ ಹೋಗುವವಳಿದ್ದೇನೆ, ಮೊದಲು ತೇಲೋದು ಹೇಳಿಕೊಡಿ". ಶುರುವಿಗೆ ಕಂಬಿ ಹಿಡಿದು ಮುಖ ನೀರಿನೊಳಗೆ ಇಟ್ಟು ಮೂಗಿನಿಂದ ಉಸಿರು ಬಿಡೋದು. ಗುಳ್ಳೆ ನಿಧಾನವಾಗಿ ಬರಬೇಕು. ಅದು ಸಲೀಸಾದ ಮೇಲೆ ಅಂಗಾತ ಮಲಗಿ, ಕಿವಿ ನೀರಿನಲ್ಲಿ ಮುಳುಗಿಸಿ, ಹೊಟ್ಟೆ ಮೇಲೆತ್ತಿ ತೇಲೋದು. ತೇಲುತ್ತಿರುವಾಗಲೇ ಮೊಣಕಾಲು ಮಡಚಿ ಕಾಲೂರಿ ಎದ್ದು ನಿಲ್ಲೋದನ್ನೂ ಕೇಳಿ ಕಲಿಯಿರಿ. ಇದನ್ನು ಸುಮಾರು ಜನ ಬಿಟ್ಟೇಬಿಡುತ್ತಾರೆ. ಸಮುದ್ರದಲ್ಲಿ ನಿಮಗೆ ಪದೇಪದೇ ಬೇಕಾಗೋದು ಇದೇ. ಎರಡು ಮೂರು ವಾರ ಬಿಡದೆ ಹೋದರೆ ಬಹಳ ಜನಕ್ಕೆ ಬರುತ್ತೆ. ನನಗೆ ಇನ್ನೂ ಸ್ವಲ್ಪ ಜಾಸ್ತಿ ದಿನ ಬೇಕಾಯಿತು.

ಬೋರ್ಡ್ ಮೇಲೆ ಎದ್ದು ನಿಲ್ಲೋದನ್ನು ಮನೆಯಲ್ಲಿ ಚಾಪೆಯ ಮೇಲೆ ಬೋರಲು ಮಲಗಿ ಅಭ್ಯಾಸ ಮಾಡಬಹುದು. ಭುಜಂಗಾಸನದ ಹಾಗೆ ಎದೆ ಎತ್ತಿ. ಅಂಗೈ ಪಕ್ಕೆಲುಬಿನ ಹತ್ತಿರ ಇರಲಿ. ಕೈ ಒತ್ತಿ ಒಂದೇ ಸಲಕ್ಕೆ ಎರಡೂ ಪಾದ ಮೈಯ ಕೆಳಗೆ ತಂದುಕೊಳ್ಳಿ. ಮೊಣಕಾಲೂರಿ ಏಳುವ ಅಭ್ಯಾಸ ಬೇಡ, ನೀರಿನ ಮೇಲೆ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತೀರಿ. ಎಡಗಾಲು ಮುಂದೆ ಬಂದರೆ ರೆಗ್ಯುಲರ್, ಬಲಗಾಲು ಮುಂದೆ ಬಂದರೆ ಗೂಫಿ. ಎರಡೂ ಸರಿ.

ಡಿಸೆಂಬರ್ ಒಳ್ಳೆಯ ತಿಂಗಳು. ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಹೊಸಬರು ನೀರಿಗೆ ಇಳಿಯುವ ಮಾತೇ ಬೇಡ. ಮಳೆಗಾಲ ಕಳೆದ ಮೇಲೆ ಕಡಲು ಇಳಿಯುತ್ತೆ, ಚಳಿಗಾಲದಲ್ಲಿ ಅಲೆ ಸಣ್ಣದಾಗಿ ಹದವಾಗಿರುತ್ತೆ. ಮೇ ಬರುತ್ತಿದ್ದ ಹಾಗೆ ಮತ್ತೆ ದೊಡ್ಡದಾಗುತ್ತೆ. 2016ರಲ್ಲಿ ಸಸಿಹಿತ್ಲುವಿನಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ನಡೆದದ್ದು ಮೇ ಕೊನೆಯಲ್ಲಿ. ನುರಿತವರಿಗೆ ಅಂಥ ಅಲೆ ಬೇಕು, ನಿಮಗೆ ಬೇಡ. ಅಂದ ಹಾಗೆ, ಈ ಆಟ ಮುಲ್ಕಿಗೆ ಬಂದ ಕತೆ ನನಗೆ ಬಹಳ ಇಷ್ಟ. ಸರ್ಫಿಂಗ್ ಸ್ವಾಮಿ ಅಂತಲೇ ಹೆಸರಾದ ಅಮೆರಿಕದ ಜ್ಯಾಕ್ ಹೆಬ್ನರ್ ಅಲ್ಲಿನ ಆಶ್ರಮದಲ್ಲಿ 2004ರಲ್ಲಿ ಮಂತ್ರ ಸರ್ಫ್ ಕ್ಲಬ್ ಶುರುಮಾಡಿದರು. ಭಾರತದಲ್ಲಿ ಸರ್ಫಿಂಗ್ ಬೆಳೆದದ್ದರಲ್ಲಿ ಆ ಸಣ್ಣ ಊರಿನ ಪಾಲು ದೊಡ್ಡದು.

ಶ್ರೀಲಂಕಾ ಅಥವಾ ಬಾಲಿಗೆ ಹೋಗುವವರೂ ಇದೇ ಪ್ರಶ್ನೆ ಕೇಳುತ್ತಾರೆ. ಶ್ರೀಲಂಕಾದ ದಕ್ಷಿಣದಲ್ಲಿರುವ ವೆಲಿಗಾಮ ಕೊಲ್ಲಿ ಹೊಸಬರಿಗೆ ಒಳ್ಳೆಯ ಜಾಗ, ಕೆಳಗೆ ಮರಳು, ನವೆಂಬರ್‌ನಿಂದ ಏಪ್ರಿಲ್ ಸೀಸನ್. ಬಾಲಿಯ ಕುಟಾದಲ್ಲೂ ಮರಳೇ. ಆದರೆ ಅದೇ ಬಾಲಿಯ ಉಲುವಾಟು ಕಡೆ ಕೆಳಗೆ ಹವಳದ ಬಂಡೆ, ಅದು ಪಳಗಿದವರ ಜಾಗ. ಪತ್ತೇದಾರಿ ಕಾದಂಬರಿಗಳ ಅಗಾಥಾ ಕ್ರಿಸ್ಟಿ 1922ರಲ್ಲಿ ದಕ್ಷಿಣ ಆಫ್ರಿಕಾದಲ್ಲೂ ಆಮೇಲೆ ಹವಾಯಿಯಲ್ಲೂ ಸರ್ಫಿಂಗ್ ಕಲಿತರು. ಹವಾಯಿಯಲ್ಲಿ ಹವಳ ತಾಗಿ ಅವರ ಪಾದವೆಲ್ಲ ಕುಯ್ದುಹೋಗಿತ್ತು. ಹಾಗಾಗಿ ಎಲ್ಲಿ ಹೋದರೂ ಮೊದಲು "ಕೆಳಗೆ ಮರಳಾ, ಬಂಡೆಯಾ?" ಅಂತ ಕೇಳಿ.

ಒಬ್ಬ ಶಿಕ್ಷಕರ ಕೈಯಲ್ಲಿ ಎಷ್ಟು ಜನ ಅಂತಲೂ ಕೇಳಿ. ಒಂದು ಬೀಚಿನಲ್ಲಿ ನಮ್ಮ ಹತ್ತು ಜನಕ್ಕೆ ಒಬ್ಬರೇ ಇದ್ದರು. ಅವರು ಆ ತುದಿಯಲ್ಲಿ ಒಬ್ಬರನ್ನು ತಳ್ಳುತ್ತಿದ್ದಾಗ ಈ ತುದಿಯಲ್ಲಿ ಒಂದು ಹುಡುಗಿ ನೀರು ಕುಡಿದು ಕೆಮ್ಮುತ್ತಿದ್ದಳು. ನಾನೇ ಹೋಗಿ ಕೈಹಿಡಿದು ದಡಕ್ಕೆ ಕರೆದುಕೊಂಡು ಬಂದೆ, ಮತ್ತೆ ನೀರಿಗೆ ಇಳಿಯಲಿಲ್ಲ. ಕಟ್ಟಿದ ದುಡ್ಡು ಹೋಯಿತು, ಹೋಗಲಿ. ಈಜು ಬರದವರು ಒಬ್ಬರಿಗೆ ಒಬ್ಬರು ಇರುವ ಕ್ಲಾಸನ್ನೇ ತೆಗೆದುಕೊಳ್ಳಿ, ಸ್ವಲ್ಪ ದುಬಾರಿಯಾದರೂ ಸರಿ. "ನನಗೆ ಈಜು ಬರಲ್ಲ" ಅಂತ ಬುಕ್ ಮಾಡುವಾಗಲೇ ಬಾಯಿಬಿಟ್ಟು ಹೇಳಿ. ನಾಚಿಕೆಯಿಂದ ಮುಚ್ಚಿಡುವವರು ಬಹಳ ಜನ.

ಬೆಳಗಿನ ಬ್ಯಾಚ್ ತೆಗೆದುಕೊಳ್ಳಿ. ಹೊತ್ತೇರಿದ ಮೇಲೆ ಕಡಲಿನಿಂದ ಗಾಳಿ ಬೀಸಲು ಶುರುವಾಗಿ ಅಲೆಗಳು ಕಲಸಿಹೋಗುತ್ತವೆ. ಉದ್ದ ತೋಳಿನ ಮೈಗಂಟುವ ಟೀ ಶರ್ಟ್, ಲೆಗ್ಗಿಂಗ್ಸ್ ಹಾಕಿಕೊಳ್ಳಿ. ಇಲ್ಲದಿದ್ದರೆ ಬೋರ್ಡ್ ಉಜ್ಜಿ ಹೊಟ್ಟೆ, ಮೊಣಕೈ ಕೆಂಪಗಾಗುತ್ತೆ, ಉಪ್ಪುನೀರಿಗೆ ಉರಿಯುತ್ತೆ. ಸರ, ಉಂಗುರ, ಕಿವಿಯೋಲೆ ರೂಮಿನಲ್ಲೇ ಬಿಚ್ಚಿಡಿ. ಕನ್ನಡಕವನ್ನೂ ಅಷ್ಟೆ. ಬೀಳುವಾಗ ತಲೆ ಮುಂದೆ ಮಾಡಿ ಧುಮುಕಬೇಡಿ, ಚಪ್ಪಟೆಯಾಗಿ ಪಕ್ಕಕ್ಕೆ ಬೀಳಿ, ಮೇಲೆ ಬರುವಾಗ ಎರಡೂ ಕೈ ತಲೆಯ ಮೇಲಿರಲಿ. ಬೋರ್ಡ್ ಯಾವತ್ತೂ ನಿಮಗೂ ಅಲೆಗೂ ನಡುವೆ ಇರಬಾರದು, ಪಕ್ಕದಲ್ಲಿರಲಿ.

ಎರಡು ದಿನದಲ್ಲಿ ನೊರೆಯಲ್ಲಿ ನಿಲ್ಲೋಕೆ ಬರುತ್ತಾ? ಬಹಳ ಜನಕ್ಕೆ ಬರುತ್ತೆ. ಅದಕ್ಕಿಂತ ಆಚೆ, ಒಡೆಯದ ಅಲೆಯನ್ನು ನೀವೇ ಕೈಬೀಸಿ ಹಿಡಿಯುವ ಜಾಗಕ್ಕೆ ಹೋಗಬೇಕು ಅನ್ನಿಸಿದರೆ, ಅಲ್ಲಿ ನನ್ನ ಉತ್ತರ ಬೇರೆ. ಲೀಶ್ ಕಿತ್ತುಹೋದರೂ ಬೋರ್ಡ್ ಇಲ್ಲದೆ ಈಜಿಕೊಂಡು ದಡಕ್ಕೆ ಬರುವಷ್ಟು ಈಜು ಬರುವವರೆಗೆ ಅಲ್ಲಿಗೆ ಹೋಗಲೇಬೇಡಿ. ಯಾರು ಕರೆದರೂ ಹೋಗಬೇಡಿ.

ದಾವಣಗೆರೆಯ ಅಕ್ಕನಿಗೆ ಅಲ್ಲಿಗೇ ಹೋಗಬೇಕಂತೆ. ಊರಿಗೆ ವಾಪಸಾದ ವಾರವೇ ಈಜು ಕ್ಲಾಸಿಗೆ ಸೇರಿದರು. ಮೊನ್ನೆ ಮೆಸೇಜ್ ಮಾಡಿದ್ದರು: "ಇವತ್ತು ಕಂಬಿ ಬಿಟ್ಟೆ. ಅಂಗಾತ ತೇಲುತ್ತಾ ಇಪ್ಪತ್ತರವರೆಗೆ ಎಣಿಸಿದೆ."