ಕಂತು ತಪ್ಪಿಲ್ಲ, ಆದರೂ ಸಿಬಿಲ್ ಸ್ಕೋರ್ ಇಳಿದಿದ್ದೇಕೆ?

ಪ್ರಶ್ನೆ: ಇಎಂಐ ಒಂದೂ ತಪ್ಪಿಸಿಲ್ಲ. ಕ್ರೆಡಿಟ್ ಕಾರ್ಡ್ ಬಿಲ್ಲನ್ನು ಪ್ರತಿ ತಿಂಗಳೂ ಪೂರ್ತಿ ತೀರಿಸುತ್ತೇನೆ. ಆದರೂ 781 ಇದ್ದ ಸ್ಕೋರ್ 762ಕ್ಕೆ ಇಳಿದಿದೆ. ನಾನೇನು ತಪ್ಪು ಮಾಡಿದೆ? ಮುಂದೆ ಗೃಹಸಾಲಕ್ಕೆ ತೊಂದರೆಯಾಗುತ್ತದೆಯೇ?

ಉತ್ತರ: ಬಹುಶಃ ಏನೂ ತಪ್ಪು ಮಾಡಿಲ್ಲ. ಕ್ರೆಡಿಟ್ ವರದಿಯಲ್ಲಿ, ಅಂದರೆ ನಿಮ್ಮ ಸಾಲ ಮತ್ತು ಕಾರ್ಡ್‌ಗಳ ಪಾವತಿಯ ದಾಖಲೆಯಲ್ಲಿ, ಹೊಸ ವಿಳಂಬವಾಗಲೀ ಅಪರಿಚಿತ ಖಾತೆಯಾಗಲೀ ಇಲ್ಲದಿದ್ದರೆ ಹದಿನೈದಿಪ್ಪತ್ತು ಅಂಕಗಳ ಏರಿಳಿತಕ್ಕೆ ನಿದ್ದೆಗೆಡಬೇಕಿಲ್ಲ. ಆದರೆ ಆ 'ಇಲ್ಲದಿದ್ದರೆ' ಮುಖ್ಯ. ನೋಡಬೇಕಾದದ್ದು ಅಂಕೆಯನ್ನಲ್ಲ, ಅದರ ಹಿಂದಿರುವ ವರದಿಯನ್ನು.

ಭಾರತದಲ್ಲಿ ಇಂಥ ವರದಿ ತಯಾರಿಸುವ ಸಂಸ್ಥೆಗಳು ನಾಲ್ಕು: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್. ಸ್ಕೋರ್ 300ರಿಂದ 900ರ ನಡುವೆ ಇರುತ್ತದೆ. ನಾಲ್ಕೂ ಸಂಸ್ಥೆಗಳ ಲೆಕ್ಕದ ಸೂತ್ರ ಬೇರೆ ಬೇರೆ, ಯಾರೂ ಅದನ್ನು ಪೂರ್ತಿ ಬಿಟ್ಟುಕೊಡುವುದಿಲ್ಲ. ಹಾಗಾಗಿ ಮೊದಲು ಒಂದು ವಿಷಯ ಖಚಿತಪಡಿಸಿಕೊಳ್ಳಿ: 781 ಮತ್ತು 762 ಎರಡೂ ಒಂದೇ ಸಂಸ್ಥೆಯ ಅಂಕೆಗಳೇ? ಹೋದ ತಿಂಗಳು ಒಂದು ಆ್ಯಪ್‌ನಲ್ಲಿ, ಈ ತಿಂಗಳು ಇನ್ನೊಂದರಲ್ಲಿ ನೋಡಿದ್ದರೆ ನೀವು ಹೋಲಿಸುತ್ತಿರುವುದು ಎರಡು ಬೇರೆ ಲೆಕ್ಕಗಳನ್ನು.

ಒಂದೇ ಸಂಸ್ಥೆಯದ್ದಾಗಿದ್ದರೆ ಮೊದಲ ಅನುಮಾನ ಕ್ರೆಡಿಟ್ ಕಾರ್ಡ್ ಮೇಲೆ. ನಿಮ್ಮ ಕಾರ್ಡ್ ಮಿತಿ 1,00,000 ರೂ., ಬಿಲ್ ತಯಾರಾಗುವುದು 18ಕ್ಕೆ, ಕಟ್ಟಲು ಕೊನೆಯ ದಿನ ಮುಂದಿನ ತಿಂಗಳ 7 ಎಂದುಕೊಳ್ಳಿ. ಈ ಸಲ ವಿಮಾನದ ಟಿಕೆಟ್, ಫ್ರಿಜ್ ಎಲ್ಲ ಸೇರಿ 72,000 ರೂ. ಖರ್ಚಾಯಿತು. 7ಕ್ಕೆ ಮೊದಲೇ ಪೂರ್ತಿ ಕಟ್ಟಿದಿರಿ, ಒಂದು ರೂಪಾಯಿ ಬಡ್ಡಿಯೂ ಬೀಳಲಿಲ್ಲ. ಆದರೆ ಬ್ಯಾಂಕ್ ವರದಿ ಕಳಿಸಿದ್ದು ಬಿಲ್ಲಿನ ಬಾಕಿಯನ್ನು ಹಿಡಿದು. ಹಾಗಾಗಿ ಅಲ್ಲಿ ದಾಖಲಾದದ್ದು ಮಿತಿಯ 72% ಬಳಕೆ. ಮುಂದಿನ ತಿಂಗಳು ಖರ್ಚು 15,000 ರೂ.ಗೆ ಇಳಿದರೆ ಸ್ಕೋರ್ ತಾನಾಗಿಯೇ ಮೇಲೇರುತ್ತದೆ. ಬಳಕೆ 30% ಒಳಗಿರಲಿ ಎನ್ನುವುದು ನಿಯಮವಲ್ಲ, ರೂಢಿಯ ಅಂದಾಜು. ಸಾಲಕ್ಕೆ ಅರ್ಜಿ ಹಾಕುವ ಯೋಚನೆ ಇದ್ದರೆ ಬಿಲ್ ತಾರೀಖಿಗೆ ಎರಡು ಮೂರು ದಿನ ಮೊದಲೇ 50,000 ರೂ. ಕಟ್ಟಿಬಿಡಿ, ಬಿಲ್‌ನಲ್ಲಿ ಕಾಣುವ ಬಾಕಿ 22,000 ಆಗುತ್ತದೆ. ಅರ್ಜಿಯ ಯೋಚನೆ ಇಲ್ಲದಿದ್ದರೆ ಈ ಸರ್ಕಸ್ ಬೇಡ.

ಖರ್ಚು ಹೆಚ್ಚದೆಯೂ ಬಳಕೆಯ ಪ್ರಮಾಣ ಏರಬಹುದು. ಬ್ಯಾಂಕ್ ನಿಮ್ಮ ಮಿತಿಯನ್ನು 1,00,000ದಿಂದ 60,000 ರೂ.ಗೆ ಇಳಿಸಿದರೆ, ಬಾಕಿ 24,000 ರೂ. ಆಗಿಯೇ ಉಳಿದರೂ ಬಳಕೆ 24% ಇದ್ದದ್ದು 40% ಆಗುತ್ತದೆ. ಬಳಸದ ಹಳೆಯ ಕಾರ್ಡ್ ಮುಚ್ಚಿಸಿದಾಗಲೂ ಒಟ್ಟು ಮಿತಿ ಕುಗ್ಗಿ ಹೀಗೇ ಆಗುತ್ತದೆ. ವಾರ್ಷಿಕ ಶುಲ್ಕವಿಲ್ಲದ ಹಳೆಯ ಕಾರ್ಡನ್ನು ಸುಮ್ಮನೆ ಇಟ್ಟುಕೊಳ್ಳುವುದೇ ವಾಸಿ. ಇನ್ನು ಕಾರ್ ಸಾಲವನ್ನೋ ಗೃಹಸಾಲವನ್ನೋ ತೀರಿಸಿದ ಮೇಲೆ ಸ್ಕೋರ್ ಸ್ವಲ್ಪ ಇಳಿದರೆ ಗಾಬರಿಯಾಗಬೇಡಿ. ಚಾಲ್ತಿಯಲ್ಲಿದ್ದು ನಿಯಮಿತವಾಗಿ ಕಂತು ಕಟ್ಟುತ್ತಿದ್ದ ಒಂದು ಖಾತೆ ಕಡಿಮೆಯಾಯಿತು, ಅಷ್ಟೆ. ಸ್ಕೋರ್‌ಗಾಗಿ ಸಾಲ ಉಳಿಸಿಕೊಂಡು ಬಡ್ಡಿ ಕಟ್ಟುವುದು ಶುದ್ಧ ನಷ್ಟ.

ಮುಂದೆ ನೋಡಬೇಕಾದದ್ದು ಎನ್‌ಕ್ವೈರಿ, ಅಂದರೆ ನಿಮ್ಮ ಅರ್ಜಿಯ ಮೇಲೆ ಬ್ಯಾಂಕ್ ವರದಿ ತರಿಸಿಕೊಂಡ ದಾಖಲೆ. ನಿಮ್ಮ ಸ್ಕೋರನ್ನು ನೀವೇ ಎಷ್ಟು ಸಲ ನೋಡಿದರೂ ಇಳಿಯುವುದಿಲ್ಲ. ಆದರೆ 'ನಿಮಗೆಷ್ಟು ಸಾಲ ಸಿಗುತ್ತದೆ ನೋಡಿ' ಎನ್ನುವ ಆ್ಯಪ್‌ನಲ್ಲಿ ಪ್ಯಾನ್ ಸಂಖ್ಯೆ ಕೊಟ್ಟು ಒಪ್ಪಿಗೆಯ ಗುಂಡಿ ಒತ್ತಿದರೆ ಅರ್ಜಿ ಒಂದೇ ದಿನ ನಾಲ್ಕೈದು ಸಾಲದಾತರಿಗೆ ಹೋಗಬಹುದು, ವರದಿಯಲ್ಲಿ ಅಷ್ಟೂ ಎನ್‌ಕ್ವೈರಿಗಳು ಸಾಲಾಗಿ ಕೂರುತ್ತವೆ. ಅಂಗಡಿಯ 'ನೋ ಕಾಸ್ಟ್ ಇಎಂಐ', 'ಈಗ ಕೊಳ್ಳಿ, ಆಮೇಲೆ ಕಟ್ಟಿ' ಸೌಲಭ್ಯಗಳೂ ಎಷ್ಟೋ ಸಲ ಸಣ್ಣ ಸಾಲದ ಖಾತೆಗಳಾಗಿಯೇ ದಾಖಲಾಗುತ್ತವೆ.

ನಿಜವಾಗಿ ಚಿಂತೆ ಮಾಡಬೇಕಾದದ್ದು ವಿಳಂಬ ಪಾವತಿಗೆ. ವರದಿಯಲ್ಲಿ ಪ್ರತಿ ಖಾತೆಯ ಕೆಳಗೆ ತಿಂಗಳುವಾರು ಚೌಕಗಳಿರುತ್ತವೆ, 36 ತಿಂಗಳವರೆಗೆ. ಅದು ಡಿಪಿಡಿ, ಅಂದರೆ ಎಷ್ಟು ದಿನ ತಡವಾಗಿದೆ ಎಂಬ ಲೆಕ್ಕ. 000 ಅಥವಾ ಎಸ್‌ಟಿಡಿ ಇದ್ದರೆ ಸರಿ. ಎಕ್ಸ್‌ಎಕ್ಸ್‌ಎಕ್ಸ್ ಇದ್ದರೆ ಆ ತಿಂಗಳ ಮಾಹಿತಿ ಬಂದಿಲ್ಲ ಎಂದರ್ಥ. 030, 060 ಕಂಡರೆ ಎದ್ದು ಕೂರಿ.

ಇಲ್ಲಿ ಇತ್ತೀಚಿನ ಒಂದು ಬದಲಾವಣೆ ಹಲವರ ಗಮನಕ್ಕೆ ಬಂದಿಲ್ಲ. ಮೊದಲು ಬ್ಯಾಂಕ್‌ಗಳು ತಿಂಗಳಿಗೊಮ್ಮೆ ಮಾಹಿತಿ ಕಳಿಸುತ್ತಿದ್ದವು. 2025ರ ಜನವರಿ 1ರಿಂದ ಕನಿಷ್ಠ ಹದಿನೈದು ದಿನಕ್ಕೊಮ್ಮೆ ಕಳಿಸಬೇಕು ಎಂದು ಆರ್‌ಬಿಐ ಕಡ್ಡಾಯ ಮಾಡಿತು. 5ನೇ ತಾರೀಖಿನ ಕಂತು ಬೌನ್ಸ್ ಆಗಿ 20ಕ್ಕೆ ಕಟ್ಟಿದಿರಿ ಎನ್ನಿ. ಹಿಂದೆ ತಿಂಗಳ ಕೊನೆಯ ಲೆಕ್ಕದಲ್ಲಿ ಖಾತೆ ಸರಿಯಾಗಿಯೇ ಕಾಣುತ್ತಿತ್ತು. ಹದಿನೈದು ದಿನಕ್ಕೊಮ್ಮೆ ಲೆಕ್ಕ ಹೋಗತೊಡಗಿದ ಮೇಲೆ 15ರಂದೇ ಸುಮಾರು 10 ದಿನದ ವಿಳಂಬ ಸಿಕ್ಕಿಬೀಳುವಂತಾಯಿತು. ಸ್ಕೋರ್ ಮೊದಲಿಗಿಂತ ಹೆಚ್ಚು ಅಲುಗಾಡುವಂತೆ ಕಾಣುವುದಕ್ಕೂ ಇದೊಂದು ಕಾರಣ. ಕಾರ್ಡ್ ವಿಷಯದಲ್ಲಿ ಸ್ವಲ್ಪ ರಿಯಾಯಿತಿ ಇದೆ: ಬಾಕಿ ಮೂರು ದಿನಕ್ಕಿಂತ ಹೆಚ್ಚು ತಡವಾದರೆ ಮಾತ್ರ ಹಾಗೆಂದು ವರದಿ ಮಾಡಬೇಕು. ನಾಲ್ಕನೇ ದಿನಕ್ಕೆ ಆ ರಿಯಾಯಿತಿ ಮುಗಿಯಿತು.

ಚಿಕ್ಕ ಬಾಕಿಗಳೇ ಹೆಚ್ಚು ಕಾಡುವುದು. ಮರೆತ ಕಾರ್ಡಿಗೆ 499 ರೂ. ವಾರ್ಷಿಕ ಶುಲ್ಕ, ಮೇಲೆ 18% ಜಿಎಸ್‌ಟಿ 89.82, ಒಟ್ಟು 588.82 ರೂ. ಹಳೆಯ ಮೊಬೈಲ್ ಸಂಖ್ಯೆಗೆ ಸಂದೇಶ ಹೋಗಿ ಯಾರೂ ನೋಡದಿದ್ದರೆ ಮೂರು ತಿಂಗಳಲ್ಲಿ 030, 060, 090 ಬಿದ್ದಿರುತ್ತದೆ. ಮೊತ್ತ ಆರುನೂರಕ್ಕೂ ಕಡಿಮೆ, ದಾಖಲೆಯಾಗುವುದು ಮಾತ್ರ 90 ದಿನದ ವಿಳಂಬ. ನೀವು ಜಾಮೀನು ಹಾಕಿದ ಸಾಲವೂ ನಿಮ್ಮ ವರದಿಯಲ್ಲೇ ಇರುತ್ತದೆ, ಅವರು ಕಟ್ಟದಿದ್ದರೆ ಪೆಟ್ಟು ನಿಮಗೂ ಬೀಳುತ್ತದೆ. 'ಸೆಟಲ್ಡ್' ಎಂಬ ಪದ ಕಂಡರೆ ಸಾಲ ಮುಗಿಯಿತೆಂದು ನೆಮ್ಮದಿಪಡಬೇಡಿ. ಪೂರ್ತಿ ಬಾಕಿ ಬರದೆ ಬ್ಯಾಂಕ್ ಕಡಿಮೆಗೆ ಒಪ್ಪಿಕೊಂಡಿತು ಎಂದು ಅದರ ಅರ್ಥ. ಬೇಕಾದದ್ದು 'ಕ್ಲೋಸ್ಡ್'.

ಪ್ರತಿ ಸಂಸ್ಥೆಯಿಂದಲೂ ವರ್ಷಕ್ಕೊಂದು ಪೂರ್ಣ ವರದಿ ಉಚಿತವಾಗಿ ಸಿಗುತ್ತದೆ. ಆ್ಯಪ್ ತೋರಿಸುವ ಬರೀ ಅಂಕೆ ಸಾಲದು, ಸಂಸ್ಥೆಯ ವೆಬ್‌ಸೈಟಿನಿಂದಲೇ ವರದಿ ಇಳಿಸಿಕೊಳ್ಳಿ. ಪ್ರತಿ ಖಾತೆಗೂ ಬಾಕಿ, ಮಿತಿ, ಡಿಪಿಡಿ, ವರದಿಯಾದ ದಿನಾಂಕ ನೋಡಿ. ಮುಗಿಸಿದ ಸಾಲ ಇನ್ನೂ ಚಾಲ್ತಿಯಲ್ಲಿದೆ ಎಂದು ತೋರಿಸಿದರೂ ವರದಿಯ ದಿನಾಂಕ ಕಳೆದ ವಾರದ್ದಾಗಿದ್ದರೆ ಮುಂದಿನ ಸುತ್ತಿಗೆ ಕಾಯಬಹುದು. ಮೂರು ತಿಂಗಳ ಹಿಂದಿನದಾಗಿದ್ದರೆ ದೂರು ಕೊಡಿ. ಗೊತ್ತೇ ಇಲ್ಲದ ಖಾತೆ ಕಂಡರೆ ಒಂದು ದಿನವೂ ಕಾಯಬೇಡಿ, ನಿಮ್ಮ ಪ್ಯಾನ್ ಬಳಸಿ ಬೇರೆ ಯಾರೋ ಸಾಲ ಪಡೆದಿರಬಹುದು.

ದೂರನ್ನು ಸಂಸ್ಥೆಯ ವೆಬ್‌ಸೈಟಿನಲ್ಲಿ ಉಚಿತವಾಗಿ ಸಲ್ಲಿಸಬಹುದು. ಸಾಲ ಕೊಟ್ಟವರು ಒಪ್ಪದೆ ಸಂಸ್ಥೆ ತಾನಾಗಿ ಏನನ್ನೂ ತಿದ್ದುವುದಿಲ್ಲ. ಆದ್ದರಿಂದ ಅದೇ ದಿನ ಬ್ಯಾಂಕಿಗೂ ಬರೆಯಿರಿ, ಸಾಲ ತೀರಿದ ಪತ್ರ ಅಥವಾ ಪಾವತಿಯ ರಸೀದಿ ಲಗತ್ತಿಸಿ, ದೂರಿನ ಸಂಖ್ಯೆ ಇಟ್ಟುಕೊಳ್ಳಿ. ದೂರು ಇತ್ಯರ್ಥಕ್ಕೆ 30 ದಿನಗಳ ಗಡುವಿದೆ. ಅದು ದಾಟಿದರೆ ದಿನಕ್ಕೆ 100 ರೂ. ಪರಿಹಾರ ಕೊಡಬೇಕು, 2024ರ ಏಪ್ರಿಲ್‌ನಿಂದ ಈ ನಿಯಮ ಜಾರಿಯಲ್ಲಿದೆ. ಅದಕ್ಕೂ ಬಗ್ಗದಿದ್ದರೆ ಆರ್‌ಬಿಐ ಒಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲೇ ದೂರು ಕೊಡಬಹುದು.

ನಿಮ್ಮ ಗೃಹಸಾಲದ ವಿಷಯ: 762 ಒಳ್ಳೆಯ ಸ್ಕೋರೇ, ಅದರಿಂದ ಅರ್ಜಿ ತಿರಸ್ಕಾರವಾಗುವ ಸಂಭವ ಕಡಿಮೆ. ಆದರೆ ಹಲವು ಬ್ಯಾಂಕ್‌ಗಳು ಬಡ್ಡಿದರವನ್ನು ಸ್ಕೋರಿನ ಹಂತಗಳಿಗೆ ತಕ್ಕಂತೆ ನಿಗದಿ ಮಾಡುತ್ತವೆ. ನೀವು ಹೋಗುವ ಬ್ಯಾಂಕಿನ ಹಂತ ಎಲ್ಲಿ ಬದಲಾಗುತ್ತದೆ, ಅವರು ಯಾವ ಸಂಸ್ಥೆಯ ಸ್ಕೋರ್ ನೋಡುತ್ತಾರೆ ಎಂದು ಮೊದಲೇ ಕೇಳಿ. ನಿಮ್ಮ ಅಂಕೆ ಗಡಿಗೆ ಹತ್ತಿರವಿದ್ದರೆ ಎರಡು ತಿಂಗಳು ಹೊಸ ಕಾರ್ಡ್, ಹೊಸ ಸಾಲದ ಅರ್ಜಿ ಯಾವುದೂ ಬೇಡ, ಕಾರ್ಡ್ ಬಾಕಿ ಇಳಿಸಿ, ಆಮೇಲೆ ಅರ್ಜಿ ಹಾಕಿ.